ಎಂಜಿನಿಗೆ ಮುಡಿಸಿದ ಪಿಂಗಾರ

ಗೆಳೆಯರೇ, ಈ ಕಥೆಯನ್ನು ಮೊದಲು ಹೇಳಿದವರು ಇನ್ನಂಜೆಯ ನನ್ನ ಭಾವ. ನಿನ್ನೆ ಸಂಜೆ, ಅಂಬಲಪಾಡಿಯ ನಮ್ಮ ಜಗಲಿಯಲ್ಲಿ, ನೆರೆಯವರೆಲ್ಲ ಚಹಾ ಕುಡಿಯುತ್ತಿದ್ದಾಗ.

ಭಾವನ ಹಳೆಯ ಪೆಟ್ರೋಲ್ ಕಾರು ಕೆಲವು ತಿಂಗಳಿಂದ ಮಣಿಪಾಲದ ಏರು ಹತ್ತಲು ಏದುಸಿರು ಬಿಡುತ್ತಿತ್ತು. ಮೈಲೇಜೂ ಬಿದ್ದಿತ್ತು. ಕಾರ್ಕಳದ ಒಬ್ಬರಿಗೆ ಮಾರುವ ಮಾತಾಯಿತು. ಅಕ್ಕನಿಗೆ ಅಳುವೇ ಬಂತು, ಅವಳು ಡ್ರೈವಿಂಗ್ ಕಲಿತದ್ದು ಅದರಲ್ಲೇ.

"ಕೊಡುವ ಮೊದಲು ಏರ್ ಫಿಲ್ಟರ್ ಆದರೂ ತೆಗೆದು ನೋಡಿ" ಎಂದು ಹಟ ಹಿಡಿದಳು. ತೆಗೆದರೆ ಪೆಟ್ಟಿಗೆಯ ತುಂಬ ಒಣಗಿದ ಪಿಂಗಾರ, ಅಡಿಕೆಯ ಹೂ!

"ಇದೆಂತ ಮಾರಾಯ್ರೆ?" ಎಂದಳು ಅಕ್ಕ.

"ಆಯುಧಪೂಜೆಗೆ ನಾನೇ ಹಾಕಿದ್ದು. ಬಾನೆಟ್ ಮೇಲೆ ಮಾತ್ರ ಹೂ ಇಟ್ಟರೆ ಎಂಜಿನಿಗೆ ಬೇಸರ ಆಗುವುದಿಲ್ವಾ?"

"ಅದರ ಮೂಗಿಗೆ ಹೂ ತುರುಕಿ, ಮೇಲಿಂದ ಆಕ್ಸಿಲರೇಟರ್ ಒತ್ತಿದ್ದೇ ಒತ್ತಿದ್ದು. ಪೆಟ್ರೋಲ್ ಕುಡಿಯದೆ ಏನು ಮಾಡುತ್ತದೆ ಪಾಪ!"

ಹೊಸ ಫಿಲ್ಟರ್ ಹಾಕಿಸಿದರು, ಎಂಜಿನಿಗೆ ಗಾಳಿ ಬಿಡುವ ಥ್ರಾಟಲ್ ತೊಳೆಸಿದರು, ಟಯರಿಗೆ ಸರಿಯಾಗಿ ಗಾಳಿ ತುಂಬಿಸಿದರು. ನಿನ್ನೆ ಅಕ್ಕನೇ ಓಡಿಸಿದಳು. ಕಾರು ಏರನ್ನು ಸಲೀಸಾಗಿ ಹತ್ತಿತು. ಮೇಲೆ ತಲುಪಿದವಳೇ ಕಾರ್ಕಳಕ್ಕೆ ಫೋನ್ ಮಾಡಿ, "ಕಾರು ಕೊಡುವುದಿಲ್ಲ" ಎಂದಳು.

ಕೇಳಿದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಇವತ್ತು ಬೆಳಿಗ್ಗೆ ಗೇಟಿಗೆ ಬಂದು ನೋಡಿದರೆ, ನಕ್ಕವರೆಲ್ಲರ ಬಾನೆಟ್ ತೆರೆದಿದೆ. ಎಲ್ಲರಿಗಿಂತ ಜೋರಾಗಿ ನಕ್ಕ ಪಕ್ಕದ ಮನೆಯ ಮೇಷ್ಟ್ರು ಒಳಗೆ ತಲೆ ಹಾಕಿ ಏನೋ ಒರೆಸುತ್ತಿದ್ದರು.

"ಎಂತ ಮೇಷ್ಟ್ರೇ, ಪಿಂಗಾರ ಉಂಟಾ?"

"ಛೆ, ಇಲ್ಲ ಮಾರಾಯ. ಕುಂಕುಮ ಮಾತ್ರ."