ಎಂಬತ್ತಕ್ಕೆ ಬರುವ ಸದ್ದು

ಕಳೆದ ಭಾನುವಾರ ಜಯನಗರದ ನಮ್ಮ ಮನೆಯಲ್ಲಿ ಒಂದು ಬೈಕಿಗೆ ಶಿಕ್ಷೆಯಾಯಿತು. ತಪ್ಪೇನು? ಸ್ಪೀಡು ಎಂಬತ್ತು ಮುಟ್ಟಿದರೆ ‘ಬರ್ರ್’ ಎನ್ನುತ್ತದೆ.

ಬೈಕು ನನ್ನ ಮೊಮ್ಮಗಳು ಅನುವಿನದು. ಸ್ವಂತ ಸಂಬಳದಲ್ಲಿ ಕೊಂಡದ್ದು. ಪೂಜೆಯ ಹಾರ ಇನ್ನೂ ಒಣಗಿಲ್ಲ. ಶಿಕ್ಷೆ ಕೊಟ್ಟವನು ಅವಳಪ್ಪ, ಅಂದರೆ ನನ್ನ ಮಗ ರಘು. ಬೆಳಿಗ್ಗೆ ತಾನೇ ಓಡಿಸಿ ನೋಡಿ ಬಂದಿದ್ದ.

“ಇಂಜಿನ್ ಹೋಗಿದೆ ಕಣೇ. ಹೈವೇಲಿ ಕೈ ಕೊಟ್ರೆ ಏನ್ಮಾಡ್ತೀಯ? ಮಾರ್ಬಿಡು. ಸ್ಕೂಟರ್ ತಗೋ, ಹುಡುಗೀರಿಗೆ ಅದೇ ಸರಿ.”

“ಸರ್ವೀಸ್‌ನವ್ರು ಏನೂ ಇಲ್ಲ ಅಂದ್ರಲ್ಲಪ್ಪಾ!”

“ಅವ್ರು ನೋಡಿದ್ದು ನಿಲ್ಲಿಸ್ಕೊಂಡು. ಸದ್ದು ಬರೋದು ಓಡುವಾಗ.”

ಅನು ಅಳುವ ಹುಡುಗಿಯಲ್ಲ. ಆದರೆ ಬೈಕಿನ ಕೀ ಮುಷ್ಟಿಯಲ್ಲಿ ಬಿಗಿಯಾಯಿತು. ನಾನು ನೋಡಿದೆ.

“ಮಾರೋ ಮುಂಚೆ ನನಗೂ ಒಂದ್ ರೌಂಡ್ ಹೊಡೆಸೇ” ಅಂದೆ.

ಚೂಡಿದಾರ್ ಹಾಕಿದೆ. ಹೆಲ್ಮೆಟ್ ತೊಟ್ಟೆ. ಅನುವಿನ ಹಿಂದೆ ಎರಡೂ ಕಡೆ ಕಾಲು ಹಾಕಿ ಕೂತೆ. (ಎದುರು ಮನೆಯವರು ಇನ್ನೂ ಚೇತರಿಸಿಕೊಂಡಿಲ್ಲ.) ಕನಕಪುರ ರೋಡು. ತಲಘಟ್ಟಪುರ ದಾಟಿದ ಮೇಲೆ ರಸ್ತೆ ಖಾಲಿಯಾಯಿತು. ಎಂಬತ್ತು. ‘ಬರ್ರ್!’ ನಿಜಕ್ಕೂ ಎದೆ ನಡುಗಿಸುವ ಸದ್ದು.

ಎಳನೀರಿನವನ ಹತ್ತಿರ ನಿಲ್ಲಿಸಿದೆವು.

“ಮಿಕ್ಸಿ ಕಿರುಚಿದ್ರೆ ನಾನು ಜಾರ್ ತೆಗೆದು ಓಡಿಸ್ತೀನಿ. ಆಗ್ಲೂ ಕಿರುಚಿದ್ರೆ ಮೋಟಾರು, ಸುಮ್ನಾದ್ರೆ ಜಾರು. ನಿನ್ ಗಾಡೀಲಿ ಇಂಜಿನ್ನ ಹಂಗೆ ಬೇರೆ ಮಾಡೋಕಾಗುತ್ತಾ?” ಅಂದೆ.

ಅನು ಸ್ಟ್ರಾ ಬಿಟ್ಟಳು. “ಅಜ್ಜೀ! ಆಕ್ಸಿಲರೇಟರ್ ಬಿಟ್ಟು ಕ್ಲಚ್ ಹಿಡಿದ್ರೆ ಆಯ್ತು. ಇಂಜಿನ್ ಮೆತ್ತಗಾಗುತ್ತೆ, ಗಾಡಿ ಮಾತ್ರ ಉರುಳ್ತಿರುತ್ತೆ.”

ಮತ್ತೆ ಖಾಲಿ ರಸ್ತೆ, ಮತ್ತೆ ಎಂಬತ್ತು. ಕ್ಲಚ್ ಹಿಡಿದಳು. ಇಂಜಿನ್ನಿನ ಅಬ್ಬರ ಇಳಿಯಿತು. ಬರ್ರ್ ಇಳಿಯಲಿಲ್ಲ! ಈಗ ಸ್ಪಷ್ಟವಾಗಿ ಕೇಳಿತು: ಬರುತ್ತಿದ್ದದ್ದು ನನ್ನ ತೊಡೆಯ ಕೆಳಗಿಂದ. ಕೈ ಇಳಿಸಿ ಒತ್ತಿದೆ, ನಿಂತಿತು. ಬಿಟ್ಟೆ, ಬಂತು.

ಗಾಡಿ ನಿಲ್ಲಿಸಿ ನೋಡಿದರೆ, ಸೀಟಿನ ಪ್ಲಾಸ್ಟಿಕ್ ಕವರ್. ಶೋರೂಮಿನಿಂದ ಬಂದದ್ದು. ಅಂಚು ಹರಿದು ಗಾಳಿಗೆ ಬಡಿದುಕೊಳ್ಳುತ್ತಿತ್ತು. ‘ಕೀಳ್ಬೇಡ, ಸೀಟು ಕೊಳೆಯಾಗುತ್ತೆ’ ಎಂದು ಅಪ್ಪಣೆ ಮಾಡಿದ್ದವರು ಯಾರು? ಇದೇ ರಘು. (ನಮ್ಮ ಟಿವಿ ರಿಮೋಟು ಇವತ್ತಿಗೂ ಕವರಿನೊಳಗಿಂದಲೇ ಚಾನೆಲ್ ಬದಲಿಸುತ್ತದೆ.) ಹೊಸದು ಹಾಳಾಗಬಾರದೆಂದು ಸುತ್ತಿಡುತ್ತೇವಲ್ಲ, ಆ ಸುತ್ತಿದ್ದೇ ಕಾಯಿಲೆಯಾದರೆ?

ಕಿತ್ತು ಬ್ಯಾಗಿಗೆ ತುರುಕಿದೆ. ವಾಪಸು ಬರುವಾಗ ಎಂಬತ್ತಕ್ಕೆ ಇಂಜಿನ್ ಬರೀ ಗುಂಯ್ ಅಂದಿತು.

ಮನೆಗೆ ಬಂದು ಪ್ಲಾಸ್ಟಿಕ್ಕನ್ನು ರಘುವಿನ ಮಡಿಲಿಗೆ ಹಾಕಿದೆ. “ತಗೋಪ್ಪಾ, ನಿನ್ ಇಂಜಿನ್ನು.”

ತಿರುಗಿಸಿ ನೋಡಿದ. ನೀಟಾಗಿ ಮಡಚಿದ. ಹಾಸಿಗೆ ಕೆಳಗೆ ಇಟ್ಟ. ಆಮೇಲೆ ಶುರು ಮಾಡಿದ: “ಆದ್ರೂ ಹುಡುಗೀರಿಗೆ ಸ್ಕೂಟರ್ರೇ...”

ಸೋಮವಾರ ಅನು ಆಫೀಸಿಗೆ ಹೋದದ್ದು ಬೈಕಿನಲ್ಲೇ. ರಘುವಿನ ಸದ್ದು ಮಾತ್ರ ಇನ್ನೂ ನಿಂತಿಲ್ಲ.

ಇವನ ಕ್ಲಚ್ ಎಲ್ಲಿದೆಯೋ, ಹೆತ್ತ ನನಗೇ ಗೊತ್ತಿಲ್ಲ.