ಮೂರನೆಯ ಚಾನಲ್

ಕೊರೊನಾ ಕಳೆದ ಮರುವರ್ಷದ ಫೆಬ್ರುವರಿ ತಿಂಗಳು. ಆಗ ನಾನು ಬಾಗಲಕೋಟೆಯಲ್ಲಿ ಸೌಂಡ್ ಸರ್ವಿಸ್ ನಡೆಸುತ್ತಿದ್ದೆ. ಆ ಕಸುಬಿಗೆ ಬಂದು ಇಪ್ಪತ್ತಾರು ವರ್ಷಗಳಾಗಿದ್ದವು. ಮದುವೆ, ಭಜನೆ, ಚುನಾವಣಾ ಸಭೆ, ತುಳಸಿಗೇರಿಯ ಕಾರ್ತಿಕ, ಎಲ್ಲ ಕಡೆಗೂ ನನ್ನ ಸ್ಪೀಕರ್ ಹೋಗುತ್ತಿದ್ದವು. ಊರಲ್ಲಿ ಬರೀ ಈರಣ್ಣ ಎಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಮೈಕಿನ ಈರಣ್ಣ ಎನ್ನಬೇಕಿತ್ತು. ನನಗೂ ಅದರ ಬಗ್ಗೆ ಸ್ವಲ್ಪ ಸೊಕ್ಕಿತ್ತು.

ಬಾದಾಮಿಯಲ್ಲಿ ಒಂದು ಯುವಕ ಸಂಘದವರು ಬಯಲಿನಲ್ಲಿ ಸಂಜೆಯ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಅದರಲ್ಲಿ ‘ಲಾಳಿ’ ಎಂಬ ಹೆಸರಿನ ಇಬ್ಬರು ಹುಡುಗಿಯರ ಬ್ಯಾಂಡ್ ಇತ್ತು. ಹಾಡುವವಳು ಅನ್ನಪೂರ್ಣಾ, ಇಳಕಲ್ಲಿನ ನೇಕಾರರ ಮನೆಯವಳು. ಲ್ಯಾಪ್‌ಟಾಪ್ ಮತ್ತು ಕೀಬೋರ್ಡ್ ನೋಡಿಕೊಳ್ಳುವವಳು ನಿಲೋಫರ್, ಹುನಗುಂದದವಳು. ಬಾಗಲಕೋಟೆಯ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದಾಗ ಇಬ್ಬರೂ ಸೇರಿ ಹಾಡು ಕಟ್ಟಲು ಶುರುಮಾಡಿದ್ದರಂತೆ. ಅನ್ನಪೂರ್ಣಾಳ ಮನೆಯ ಮಗ್ಗದಲ್ಲಿ ಲಾಳಿ ಓಡುವ ಸಪ್ಪಳವನ್ನು, ಇಳಕಲ್ಲಿನ ಗ್ರಾನೈಟ್ ಕೊಯ್ಯುವ ಯಂತ್ರದ ಕೂಗನ್ನು ಮೊಬೈಲಿನಲ್ಲಿ ಹಿಡಿದು, ಕಂಪ್ಯೂಟರಿನಲ್ಲಿ ಕತ್ತರಿಸಿ ಜೋಡಿಸಿ, ಅದರಿಂದಲೇ ತಾಳ ಮಾಡಿಕೊಂಡಿದ್ದರು. ಅದರ ಮೇಲೆ ಅನ್ನಪೂರ್ಣಾ ತಾನೇ ಬರೆದ ಪದ ಹಾಡುತ್ತಿದ್ದಳು. ಇಂಟರ್ನೆಟ್ಟಿನಲ್ಲಿ ಹಾಕಿದ ಎರಡು ಹಾಡು ಕೇಳಿ ಪುಣೆಯಿಂದ ಯಾರೋ ಕರೆದಿದ್ದರು. ಒಂದು ವರ್ಷ ಅಲ್ಲಿದ್ದು ಪೂರ್ತಿ ಆಲ್ಬಮ್ ಮಾಡಬಹುದಿತ್ತು.

ಇನ್ನೊಂದು ಸಂಗತಿ ನನಗೆ ಗೊತ್ತಾದದ್ದು ಆ ಸಂಜೆ ಎಲ್ಲ ಮುಗಿದ ಮೇಲೆ. ಓದುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಅದೇ ವಾರ ಅನ್ನಪೂರ್ಣಾಳಿಗೆ ಸರ್ಕಾರಿ ಕ್ಲರ್ಕ್ ಕೆಲಸದ ಆರ್ಡರ್ ಬಂದಿತ್ತು. ಹದಿನೈದು ದಿನದಲ್ಲಿ ಹಾಜರಾಗಬೇಕು. ಅವಳ ತಂದೆ ಸಂಗಪ್ಪ ಬೈಯಲಿಲ್ಲ, ಕೂಗಾಡಲಿಲ್ಲ. ಬಾದಾಮಿಗೆ ತಾನೇ ಬರುತ್ತೇನೆ, ಒಮ್ಮೆ ಕೇಳುತ್ತೇನೆ, ಹಾಡಿನಲ್ಲಿ ಏನಾದರೂ ಇದೆ ಅನಿಸಿದರೆ ಪುಣೆಗೆ ಹೋಗು, ಇಲ್ಲದಿದ್ದರೆ ಡ್ಯೂಟಿಗೆ ಹೋಗು ಎಂದಿದ್ದ. ಮಗಳು ಒಪ್ಪಿದ್ದಳು. ಮಗ್ಗ ಬಿಟ್ಟು ಎಲ್ಲಿಗೂ ಹೋಗದ ಮನುಷ್ಯ ಅವತ್ತು ಇಸ್ತ್ರಿ ಅಂಗಿ ಹಾಕಿಕೊಂಡು ನಾಲ್ಕನೆಯ ಸಾಲಿನಲ್ಲಿ ಬಂದು ಕೂತಿದ್ದ.

ಈಗ ನನ್ನ ಕಸುಬಿನ ಒಂದು ರೂಢಿ ಹೇಳಬೇಕು. ನಮ್ಮ ಕಡೆಯ ರಸಮಂಜರಿಗಳಲ್ಲಿ ‘ಟ್ರ್ಯಾಕ್’ ಎಂಬುದೊಂದು ಇರುತ್ತದೆ. ಹಾಡು, ದನಿ, ಎಲ್ಲ ಮೊದಲೇ ರೆಕಾರ್ಡ್ ಆಗಿರುತ್ತದೆ. ಗಾಯಕಿ ಮೈಕ್ ಹಿಡಿದು ತುಟಿ ಅಲ್ಲಾಡಿಸುತ್ತಾಳೆ. ಆಗ ಮೈಕ್ ತೆರೆದಿಟ್ಟರೆ ಅವಳ ಏದುಸಿರೂ ಹಾಡಿನ ಜೊತೆ ಕೇಳಿ ನಗೆಪಾಟಲಾಗುತ್ತದೆ. ಹಾಗಾಗಿ ಸ್ಟೇಜಿನ ಮೇಲೆ ಲ್ಯಾಪ್‌ಟಾಪ್ ಕಂಡರೆ ನಾವು ಹಾಡುವವರ ಮೈಕಿನ ಫೇಡರನ್ನು ಕೆಳಗೆ ಇಳಿಸಿಬಿಡುತ್ತೇವೆ. ಫೇಡರ್ ಎಂದರೆ ಮಿಕ್ಸರಿನ ಮೇಲೆ ದನಿಯನ್ನು ಏರಿಸಿ ಇಳಿಸುವ ಗುಂಡಿ. ಗಾಯಕಿಯ ಕಾಲ ಬಳಿ ಅವಳ ಕಡೆಗೆ ತಿರುಗಿಸಿದ ಒಂದು ಚಿಕ್ಕ ಸ್ಪೀಕರ್ ಇರುತ್ತದೆ, ಅದಕ್ಕೆ ಮಾನಿಟರ್ ಎನ್ನುತ್ತೇವೆ. ಫೇಡರ್ ಇಳಿಸಿದರೂ ಅದರಲ್ಲಿ ಅವಳ ದನಿ ಬರುತ್ತಲೇ ಇರುತ್ತದೆ. ಸ್ಟೇಜಿನ ಮೇಲೆ ನಿಂತವರಿಗೆ ಎಲ್ಲವೂ ಸರಿಯಾಗಿಯೇ ಕೇಳುತ್ತದೆ.

ಅತಿಥಿಗಳ ಭಾಷಣ ಬೆಳೆದು ಸೌಂಡ್ ಚೆಕ್ಕಿಗೆ ಸಮಯ ಉಳಿಯಲಿಲ್ಲ. ನಿಲೋಫರ್ ಓಡಿಬಂದು ಒಂದು ಚೀಟಿ ಕೊಟ್ಟಳು.

“ಅಣ್ಣಾರ, ಇದನ್ನೊಂದು ಸ್ವಲ್ಪ ಓದ್ರಿ.”

“ಗೊತ್ತೈತಿ ಬಿಡವಾ. ಇಪ್ಪತ್ತಾರು ವರ್ಷ ಆತು ಇದ ಮಾಡಾಕ ಹತ್ತಿ,” ಎಂದೆ. ಚೀಟಿಯನ್ನು ಅಂಗಿಯ ಜೇಬಿನಲ್ಲಿಟ್ಟೆ. ಅನ್ನಪೂರ್ಣಾಳ ಮೈಕ್ ಜೋಡಿಸಿದ್ದ ಮೂರನೆಯ ಚಾನಲ್ಲಿನ ಫೇಡರ್ ಇಳಿಸಿದೆ.

ಮೊದಲನೆಯ ಹಾಡಿನಲ್ಲಿ ಬರೀ ಲಾಳಿಯ ಸಪ್ಪಳ, ಅದರ ಕೆಳಗೆ ಕಲ್ಲು ಕೊಯ್ಯುವ ಗುಡುಗು. ಈಗಿನ ಮಕ್ಕಳು ಮಾತಿಲ್ಲದ ಹಾಡು ಮಾಡುತ್ತಾರೇನೋ ಅಂದುಕೊಂಡೆ. ಜನರ ನಡುವಿನಿಂದ ಒಬ್ಬರು ಕಿವಿಯ ಹತ್ತಿರ ಕೈ ಆಡಿಸಿ ಸನ್ನೆ ಮಾಡಿದರು. ಸೌಂಡ್ ಸಾಲದು ಅನ್ನುತ್ತಿದ್ದಾರೆ ಎಂದು ಲ್ಯಾಪ್‌ಟಾಪಿನ ಸದ್ದನ್ನೇ ಇನ್ನಷ್ಟು ಏರಿಸಿದೆ. ಎರಡನೆಯ ಹಾಡಿನಲ್ಲಿ ಅನ್ನಪೂರ್ಣಾಳ ಕತ್ತಿನ ನರ ಉಬ್ಬಿದ್ದವು, ಕಣ್ಣು ಮುಚ್ಚಿತ್ತು. ಆ್ಯಕ್ಟಿಂಗ್ ಚೆನ್ನಾಗಿ ಮಾಡುತ್ತಾಳೆ ಎಂದು ಮೆಚ್ಚಿಕೊಂಡೆ. ಜನ ತಮ್ಮತಮ್ಮಲ್ಲೇ ಮಾತಾಡತೊಡಗಿದರು. ಕೆಲವರು ಎದ್ದು ಚಹಾ ಕುಡಿಯಲು ಹೋದರು.

ಒಂದೇ ಚಾನಲ್ಲನ್ನು ಹೆಡ್‌ಫೋನಿನಲ್ಲಿ ಕೇಳುವ ಬಟನ್ ಒಂದಿರುತ್ತದೆ. ಮೂರನೆಯ ಹಾಡಿನ ನಡುವೆ, ಕೈಗೆ ಬೇರೆ ಕೆಲಸವಿಲ್ಲದೆ, ಅದನ್ನು ಒತ್ತಿದೆ.

“ಹುನಗುಂದ ಬಸ್ಸು ಬಂತೇನ, ನನ್ನ ಹೆಸರು ಕೂಗಿತೇನ...”

ಅಂಥ ದನಿಯನ್ನು ನಾನು ಕೇಳಿರಲಿಲ್ಲ. ಒರಟಾಗಿತ್ತು, ಮೇಲೆ ಹೋದಷ್ಟೂ ಇನ್ನೂ ತುಂಬಿಕೊಳ್ಳುತ್ತಿತ್ತು. ಬಯಲಿನಲ್ಲಿ ಅದನ್ನು ಕೇಳುತ್ತಿದ್ದವನು ನಾನೊಬ್ಬನೇ. ಜೇಬಿನ ಚೀಟಿ ತೆಗೆದು ನೋಡಿದೆ. ‘ಚಾನಲ್ 3, ಅನ್ನಪೂರ್ಣಾ. ಇದು ಟ್ರ್ಯಾಕ್ ಅಲ್ಲ, ಲೈವ್ ಹಾಡ್ತಾಳೆ. ದಯವಿಟ್ಟು ದನಿ ಮ್ಯಾಲೆ ಇಡ್ರಿ.’ ದನಿ ಎಂಬ ಪದದ ಕೆಳಗೆ ಎರಡು ಗೆರೆ ಎಳೆದಿದ್ದಳು.

ಆಗಲೇ ಫೇಡರ್ ಎತ್ತಬೇಕಿತ್ತು. ಎತ್ತಲಿಲ್ಲ. ಒಮ್ಮೆಲೇ ದನಿ ಬಂದರೆ ಇಷ್ಟು ಹೊತ್ತು ಯಾಕೆ ಇರಲಿಲ್ಲ ಎಂದು ಎಲ್ಲರೂ ನನ್ನ ಕಡೆ ತಿರುಗುತ್ತಾರೆ. ಹೌಲಿಂಗ್ ಆಗಬಹುದು, ಮೈಕ್ ಕಿರುಚಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಹೆದರಿಕೆಯಾಯಿತು ಎಂದು ಹೇಳಿದರೂ ಪೂರ್ತಿ ನಿಜವಾಗುವುದಿಲ್ಲ. ಒಳಗೆ ಏನೂ ಅನಿಸಲಿಲ್ಲ. ಕೈ ಮಿಕ್ಸರಿನ ಮೇಲೆ ಇತ್ತು, ನನ್ನದಲ್ಲದ ಹಾಗೆ ಬಿದ್ದುಕೊಂಡಿತ್ತು. ನಾಲ್ಕನೆಯ ಹಾಡಿಗೆ, ಯಾರಿಗೂ ಗೊತ್ತಾಗದಂತೆ, ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಏರಿಸುತ್ತ ಬಂದೆ. ಅವಳ ದನಿ ಸರಿಯಾಗಿ ಬಯಲಿಗೆ ಬಂದದ್ದು ಕೊನೆಯ ಎರಡು ನಿಮಿಷ. ಅಷ್ಟರಲ್ಲಿ ನಾಲ್ಕನೆಯ ಸಾಲಿನಲ್ಲಿ ಇಸ್ತ್ರಿ ಅಂಗಿಯವನ ಕುರ್ಚಿ ಖಾಲಿಯಾಗಿತ್ತು.

ವೈರ್ ಸುತ್ತುತ್ತಿದ್ದಾಗ ಸಂಗಪ್ಪ ನನ್ನ ಹತ್ತಿರ ಬಂದ. ತನ್ನ ಪರಿಚಯ ಹೇಳಿಕೊಂಡ, ಕೆಲಸದ ಆರ್ಡರ್, ಪುಣೆ, ಮಗಳಿಗೆ ಕೊಟ್ಟ ಮಾತು ಎಲ್ಲವನ್ನೂ ಹೇಳಿದ. ಆಮೇಲೆ ಕೇಳಿದ:

“ನಾ ನೇಕಾರ ಮನಶ್ಯಾರಿ, ನನಗ ಇದೆಲ್ಲಾ ತಿಳಿಯಂಗಿಲ್ಲ. ನನಗಂತೂ ಬರೇ ಧಡ್ ಧಡ್ ಅನ್ನೂದ ಕೇಳಿಸ್ತು, ಆಕಿ ದನಿನ ಕೇಳಲಿಲ್ಲ. ನೀವು ಇದರಾಗ ಇರೋರು. ಖರೆ ಹೇಳ್ರಿ, ಇದು ಹಿಂಗ ಇರ್ತದೇನು?”

“ಇಂಥಾ ಹಾಡು ಹಿಂಗ ಇರ್ತಾವ್ರಿ,” ಎಂದೆ.

“ಹಂಗಾರ ಆತು ಬಿಡ್ರಿ,” ಎಂದು ಕೈಮುಗಿದು ಹೋದ. ನಾನು ಉಳಿದ ವೈರ್ ಸುತ್ತಿ ಗಾಡಿಗೆ ಹಾಕಿದೆ. ಅಂದು ಊಟವನ್ನೂ ಮಾಡಿದೆ, ನಿದ್ದೆಯೂ ಬಂತು.

ಮೂರು ವರ್ಷದ ಮೇಲೆ ಒಂದು ಪ್ರಮಾಣಪತ್ರಕ್ಕಾಗಿ ಬಾದಾಮಿಯ ಕಚೇರಿಯೊಂದಕ್ಕೆ ಹೋಗಿದ್ದೆ. ಕೌಂಟರಿನ ಒಳಗೆ ಅನ್ನಪೂರ್ಣಾ ಕೂತಿದ್ದಳು. ಇಳಕಲ್ ಸೀರೆ, ಕೊರಳಲ್ಲಿ ಗುರುತಿನ ಚೀಟಿ. ನನ್ನ ಸರದಿ ಬಂದಾಗ ಹಿಂದಿನವರಿಗೆ ಜಾಗ ಬಿಟ್ಟೆ. ಮಧ್ಯಾಹ್ನ ಸಾಲು ಕರಗುವವರೆಗೆ ಬೆಂಚಿನ ಮೇಲೆ ಕೂತಿದ್ದು ಮತ್ತೆ ಹೋಗಿ ಎಲ್ಲ ಹೇಳಿದೆ. ಚೀಟಿ, ಫೇಡರ್, ಹೆಡ್‌ಫೋನು. ಅವಳು ಅರ್ಜಿಗಳಿಗೆ ಸೀಲು ಒತ್ತುತ್ತಲೇ ಕೇಳಿದಳು.

“ಗೊತ್ತೈತ್ರಿ,” ಎಂದಳು. “ಯಾರೋ ಮೊಬೈಲ್‌ನ್ಯಾಗ ವಿಡಿಯೋ ಹಿಡಿದಿದ್ರು. ಮರುದಿನನ ನೋಡಿದ್ವಿ. ಅದರಾಗ ನನ್ನ ದನಿನ ಇದ್ದಿದ್ದಿಲ್ಲ.”

“ಅಪ್ಪಗ ತೋರಿಸಲಿಲ್ಲೇನವಾ?”

“ತೋರಿಸಿದ್ನಿ. ಮೈಕ್ ಬಂದ್ ಇತ್ತಪ್ಪಾ ಅಂತ ಅಳಕೋತ ಹೇಳಿದ್ನಿ. ಅಂವ ನಂಬಲಿಲ್ಲ. ‘ಮೈಕಿನವರನ್ನ ನಾನ ಹೋಗಿ ಕೇಳೇನಿ, ಇಂಥಾ ಹಾಡು ಹಿಂಗ ಇರ್ತಾವಂತ. ಅವರಿಗೆ ತಿಳಿಯಂಗಿಲ್ಲೇನು?’ ಅಂದ.”

ಅಲ್ಲಿಯವರೆಗೆ ನಾನು ನನ್ನ ತಪ್ಪು ಫೇಡರಿನದು ಅಂದುಕೊಂಡಿದ್ದೆ. ಮೂರು ವರ್ಷ ಅದನ್ನೇ ಹೊತ್ತುಕೊಂಡು ತಿರುಗಿದ್ದೆ. ಫೇಡರಿನ ತಪ್ಪು ಮರುದಿನವೇ ಸರಿಯಾಗಬಹುದಿತ್ತು. ನನ್ನ ಮಾತು ಅದಕ್ಕೆ ಅಡ್ಡ ಬಂದಿತ್ತು.

ನಿಲೋಫರ್ ಪುಣೆಯಲ್ಲಿದ್ದಾಳೆ, ಬೇರೊಬ್ಬಳು ಹಾಡುತ್ತಾಳೆ, ಲಾಳಿ ಎಂಬ ಹೆಸರು ಹಾಗೇ ಇದೆ ಎಂದು ತಿಳಿಯಿತು. ಅದನ್ನು ಅನ್ನಪೂರ್ಣಾ ಅಸಮಾಧಾನವೇನೂ ಇಲ್ಲದೆ, ಬಸ್ಸಿನ ವೇಳೆ ಹೇಳುವವಳ ಹಾಗೆ ಹೇಳಿದಳು. ಅವಳು ಬೈದಿದ್ದರೆ ನನಗೆ ಒಳ್ಳೆಯದಿತ್ತು.

“ನಾಳೇನ ಇಳಕಲ್ಲಿಗೆ ಹೋಗಿ ನಿಮ್ಮಪ್ಪಗ ಖರೆ ಹೇಳ್ತೇನವಾ,” ಎಂದೆ.

ಆಗ ಮಾತ್ರ ಅವಳ ಸೀಲು ನಿಂತಿತು.

“ಬ್ಯಾಡ್ರಿ. ಮಗಳಿಗೆ ಛಲೋ ಆತು ಅಂತ ನೆಮ್ಮದಿಯಾಗಿ ಅದಾನ. ಈಗ ಹೇಳಿದ್ರ ಅಂವ ತಾಳಂಗಿಲ್ಲ. ನಿಮ್ಮ ಆಧಾರ್ ಕಾರ್ಡ್ ಕೊಡ್ರಿ.”

ಕೊಟ್ಟೆ. ಹತ್ತು ನಿಮಿಷದಲ್ಲಿ ನನ್ನ ಕೆಲಸ ಮಾಡಿಕೊಟ್ಟಳು.

ಆ ವರ್ಷವೇ ಕಸುಬು ಬಿಟ್ಟೆ. ನನ್ನ ಸೆಟ್ ಕೊಂಡವರಿಗೆ ವೈರ್, ಪೆಟ್ಟಿಗೆ ಎಲ್ಲ ತೋರಿಸಿ, ಹಾಡುವವರು ಕೊಟ್ಟ ಚೀಟಿಯನ್ನು ಅವರ ಎದುರಿಗೇ ಓದಿ ಎಂದು ಹೇಳಿದೆ. ಯಂತ್ರದ ಹತ್ತಿರ ನಿಂತವನ ಮಾತನ್ನು ಜನ ತಮ್ಮ ಕಿವಿಗಿಂತ, ತಮ್ಮ ಮಕ್ಕಳಿಗಿಂತ ಹೆಚ್ಚು ನಂಬುತ್ತಾರೆ ಎಂದೂ ಹೇಳಿದೆ. ದನಿ ಕೇಳಲಿಲ್ಲ ಎಂದು ಯಾರಾದರೂ ಬಂದರೆ ಮೊದಲು ‘ತಪ್ಪು ನಂದ ಇರಬೇಕ್ರಿ’ ಅನ್ನಬೇಕು. ಮೂರು ಶಬ್ದ. ಅದನ್ನು ಕಲಿಯುವುದಕ್ಕೆ ನನಗೆ ಇಪ್ಪತ್ತೊಂಬತ್ತು ವರ್ಷವೂ ಅನ್ನಪೂರ್ಣಾಳ ಹಾಡೂ ಖರ್ಚಾದವು.