ಇಬ್ಬರಾದ ಆಫ್ರಾ

ಪುತ್ತೂರಿನ ಒಂದು ಆಸ್ಪತ್ರೆಯ ರೆಕಾರ್ಡು ಕೋಣೆಯಲ್ಲಿ ಇಪ್ಪತ್ತಾರು ವರ್ಷ ಸವೆಸಿದವರು ಸತ್ಯವತಿ. ರೋಗಿಗಳ ಹೆಸರು ಬರೆದು ಚೀಟಿ ಮಾಡುವಲ್ಲಿ ಒಂದು ಕಂಪೆನಿಯ ಸಾಫ್ಟ್‌ವೇರ್, ಲ್ಯಾಬಿನಲ್ಲಿ ಇನ್ನೊಂದರದ್ದು, ರಕ್ತನಿಧಿಯಲ್ಲಿ ಮತ್ತೊಂದರದ್ದು. ಒಂದರ ಮಾತು ಒಂದಕ್ಕೆ ತಿಳಿಯದು. ನಡುವೆ ಕಾಗದ ಹಿಡಿದು ಓಡಿದ್ದು ಸತ್ಯವತಿಯ ಕಾಲು. ಆ ಕಾಲಿಗೆ ಯಾರೂ ಶಾಲು ಹೊದೆಸಲಿಲ್ಲ.

ಮೂರನ್ನೂ ಜೋಡಿಸಲು ಸುಳ್ಯದ ಸಾಫ್ಟ್‌ವೇರ್ ಇಂಜಿನಿಯರ್ ಸುಪ್ರಿತಾ ಬಂದು ಮೂರು ತಿಂಗಳು ಕೂತಳು. ಒಂದು ಸೋಮವಾರ ಮೇಲಿನ ಮಾಳಿಗೆಯ ಲ್ಯಾಬಿನಲ್ಲಿ ಯಾರೋ ಅಂಕಿ ಒತ್ತಿದರು. ರೆಪ್ಪೆ ಬಡಿಯುವಷ್ಟರಲ್ಲಿ ಅದು ಸತ್ಯವತಿಯ ಪರದೆಗೆ ಬಂತು. ಅವರು ಕನ್ನಡಕ ಒರಸಿ ಮತ್ತೆ ನೋಡಿದರು.

ಅದೇ ಗುರುವಾರ ಸಫಿಯಮ್ಮ ಬೆಳ್ಳಾರೆಯಿಂದ ತುಂಬು ಗರ್ಭಿಣಿ ಮಗಳು ಆಫ್ರಾಳನ್ನು ಕರೆತಂದರು. ಮೈಯಲ್ಲಿ ರಕ್ತವಿಲ್ಲ, ಮಧ್ಯಾಹ್ನದೊಳಗೆ ಆಪರೇಷನ್ ಆಗಬೇಕು. ಹಳೆ ದಾಖಲೆ ಇಲ್ಲ ಎಂದಿತು ಪರದೆ. ರಕ್ತನಿಧಿಯಲ್ಲಿ ಅವಳಿಗೆಂದು ಎರಡು ಚೀಲ ರಕ್ತ ತೆಗೆದಿಟ್ಟದ್ದೂ ಆಯಿತು. ಸಫಿಯಮ್ಮನದ್ದು ಒಂದೇ ಹಟ: ಎರಡು ವರ್ಷದ ಹಿಂದೆ ಗರ್ಭ ಇಳಿದಾಗ ಇಲ್ಲೇ ರಕ್ತ ಕೊಟ್ಟದ್ದು, ಮಗಳು ಗಡಗಡ ನಡುಗಿ ಸಾಯುವ ಹಾಗಾದದ್ದು.

"ಆಗ ಯಾವ ಮನೆಯಿಂದ ಬಂದದ್ದು?" ಸತ್ಯವತಿ ಕೇಳಿದರು.

"ಗಂಡನ ಮನೆಯಿಂದ. ನೆಲ್ಯಾಡಿ."

ಮನೆಯೂ ಫೋನೂ ಬೇರೆಯಾದರೆ ಆಳೂ ಬೇರೆ ಎಂದು ಯಂತ್ರಕ್ಕೆ ನಿಯಮ ಇಟ್ಟದ್ದು ಸುಪ್ರಿತಾ. ಸತ್ಯವತಿ ಅವಳ ಕಡೆ ತಿರುಗಿದರು.

"ನಿನ್ನ ಬಾಣಂತನ ಎಲ್ಲಿ ಆದದ್ದು ಮಾರಾಯ್ತಿ?"

"ಅಮ್ಮನ ಮನೆ..." ಸುಪ್ರಿತಾ ನಾಲಿಗೆ ಕಚ್ಚಿದಳು. ಈ ಕಡೆಯ ಹೆಂಗಸು ಯಾವ ಜಾತಿಯವಳಾದರೂ ಹೆರಲು ತಾಯಿಮನೆಗೇ ಹೋಗುವುದು. ಗೊತ್ತಿಲ್ಲದವಳಲ್ಲ, ಯಂತ್ರಕ್ಕೆ ಹೇಳಿರಲಿಲ್ಲ.

ಅಲ್ಲೇ ಕೂತು ನಿಯಮ ಸಡಿಲಿಸಿದಳು. ಇಬ್ಬರು ಆಫ್ರಾ ಪಕ್ಕಪಕ್ಕ ಬಂದರು. ಹುಟ್ಟಿದ ದಿನ ಒಂದೇ, ತಾಯಿ ಒಬ್ಬಳೇ. ಸತ್ಯವತಿ ಗಂಡನ ನಂಬರಿಗೆ ಫೋನು ಮಾಡಿ ಖಚಿತ ಮಾಡಿಕೊಂಡು ಇಬ್ಬರನ್ನೂ ಕೂಡಿಸಿದರು.

ಆಮೇಲಿನದ್ದಕ್ಕೆ ಯಾರ ಕಾಲೂ ಬೇಕಾಗಲಿಲ್ಲ. ಲ್ಯಾಬಿನ ಎರಡು ವರ್ಷದ ಹಳೆ ಸಾಲು ಮೇಲೆದ್ದಿತು: ಇಂಥ ರಕ್ತ ಇವಳ ಮೈಗೆ ವಿಷ. ರಕ್ತನಿಧಿಯ ಪರದೆ ತೆಗೆದಿಟ್ಟ ಎರಡು ಚೀಲಕ್ಕೂ ಕೆಂಪು ಗೆರೆ ಎಳೆದು, ಒಗ್ಗುವ ಬೇರೆ ಎರಡನ್ನು ತೋರಿಸಿತು. ಮೂರು ಮೂಗರು ಒಟ್ಟಿಗೆ ಬಾಯಿ ಬಿಟ್ಟ ಹಾಗೆ.

ಎರಡು ಗಂಟೆಗೆ ಹೆಣ್ಣು ಮಗು. ಆಫ್ರಾ ನಡುಗಲಿಲ್ಲ.

ಸುಪ್ರಿತಾ ತನ್ನ ಪಕ್ಕಕ್ಕೆ ಒಂದು ಕುರ್ಚಿ ಎಳೆದಳು. "ಯಂತ್ರಕ್ಕೆ ಹೇಳಬೇಕಾದ್ದು ಇಂಥದ್ದು ಇನ್ನೆಷ್ಟು ಉಂಟು ಅಕ್ಕ?"

"ತುಂಬ ಉಂಟು," ಎಂದು ಸತ್ಯವತಿ ಕೂತರು. "ಬರಿ."